ಚಳಿಗಾಲದ ಮನೆ, ಲೋಬಾನದ ಹೊಗೆ ಮತ್ತು ಮಗುವಿನ ಉಸಿರು

ಡಿಸೆಂಬರ್, ಜನವರಿ ಬಂತೆಂದರೆ ರಾಜ್ಯದಲ್ಲಿ ಅತಿ ಹೆಚ್ಚು ಚಳಿ ಬಿದ್ದ ಊರುಗಳ ಪಟ್ಟಿಯಲ್ಲಿ ಬೀದರ್ ಜೊತೆ ವಿಜಯಪುರದ ಹೆಸರೂ ಮತ್ತೆ ಮತ್ತೆ ಕಾಣಿಸುತ್ತದೆ. ಬೇಸಿಗೆಯಲ್ಲಿ ಕೆಂಡದಂತೆ ಸುಡುವ ನೆಲದಲ್ಲಿ ಇಷ್ಟು ಚಳಿ ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಕೃಷ್ಣಾ ಮತ್ತು ಡೋಣಿ ನದಿಗಳ ನಡುವಿನ ಮುಳವಾಡದ ಬಯಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಹೊಲಗಳಾಗಲಿ, ಎಲ್ಲ ಕಡೆ ಗಿಡಮರ ಕಡಿಮೆ, ಮೋಡವಿಲ್ಲದ ಆಕಾಶ. ಹಗಲಿನ ಕಾವು ರಾತ್ರಿ ಬೇಗ ಹಾರಿಹೋಗುತ್ತದೆ. ಮಧ್ಯಾಹ್ನ ಅಂಗಿ ಬಿಚ್ಚಿ ಆಡಿದ ಮಗು ಫಜ್ರ್ ಹೊತ್ತಿಗೆ ಕೌದಿಯೊಳಗೆ ನಡುಗುತ್ತದೆ.

ಇಂಥ ಚಳಿಯಲ್ಲಿ ಮಗುವನ್ನು ಬೆಚ್ಚಗಿಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೆಚ್ಚಗಿಡಲು ನಾವು ಹಿಡಿಯುವ ದಾರಿ ಯಾವುದು ಎಂಬುದು ಮುಖ್ಯ. ಕಿಟಕಿ, ಬಾಗಿಲು ಹಾಕಿ ಒಳಗೆ ಸಿಗಡಿ ಇಡುವುದು, ಸ್ನಾನದ ನಂತರ ಲೋಬಾನದ ಹೊಗೆ ಹಿಡಿಯುವುದು, ಕೆಮ್ಮು ಬಂದರೆ ನಾಲ್ಕು ದಿನ ಮನೆಮದ್ದು ಮಾಡಿ ನೋಡುವುದು ನಮ್ಮಲ್ಲಿ ರೂಢಿ. ಎಳೆಯ ಮಕ್ಕಳಿಗೆ ಚಳಿಗಿಂತ ಹೆಚ್ಚು ಅಪಾಯ ಬರುವುದು ಈ ಹೊಗೆಯಿಂದ ಮತ್ತು ಆಸ್ಪತ್ರೆಗೆ ತಡವಾಗಿ ಹೋಗುವುದರಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 5 ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಆ ವಯಸ್ಸಿನ ಮಕ್ಕಳ ಒಟ್ಟು ಸಾವಿನಲ್ಲಿ ಇದು ಶೇ. 14. ಮನೆಯೊಳಗಿನ ಹೊಗೆಯಲ್ಲಿ ಬೆಳೆಯುವ ಮಗುವಿಗೆ ಈ ಕಾಯಿಲೆಯ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಆರೋಗ್ಯ ಇಲಾಖೆ 2019ರಲ್ಲಿ ‘ಸಾಂಸ್’ ಎಂಬ ಅಭಿಯಾನ ಆರಂಭಿಸಿ, ಅದನ್ನು ನವೆಂಬರ್ 12ರಿಂದ ಫೆಬ್ರವರಿ ಕೊನೆಯವರೆಗೆ, ಅಂದರೆ ಚಳಿಗಾಲದುದ್ದಕ್ಕೂ ನಡೆಸುವುದಕ್ಕೆ ಇದೇ ಕಾರಣ.

ಹೊಗೆ ಏನು ಮಾಡುತ್ತದೆ?

ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಉಸಿರಿನೊಂದಿಗೆ ಒಳಬಂದ ಧೂಳು, ರೋಗಾಣುಗಳನ್ನು ಅವು ಕಫದೊಂದಿಗೆ ಮೇಲಕ್ಕೆ ತಳ್ಳುತ್ತಿರುತ್ತವೆ. ಇದೇ ಶ್ವಾಸಕೋಶದ ಕಾವಲು. ಹೊಗೆಯ ಸೂಕ್ಷ್ಮ ಕಣಗಳು ಈ ರೋಮಗಳನ್ನು ಜಡಗೊಳಿಸುತ್ತವೆ, ನಾಳದ ಒಳಪದರ ಊದಿಕೊಳ್ಳುತ್ತದೆ. ಕೂಸಿನ ಶ್ವಾಸನಾಳ ಮೊದಲೇ ಸಣ್ಣದು, ಸ್ವಲ್ಪ ಊದಿದರೂ ಗಾಳಿಗೆ ದಾರಿ ಕಿರಿದಾಗುತ್ತದೆ. ಮೇಲಾಗಿ ಮಗು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತದೆ. ಅದರ ದೇಹದ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಹೊಗೆ ಒಳಹೋಗುತ್ತದೆ.

ತೊಗರಿ ರಾಶಿ ಮುಗಿಯುವ ಈ ಕಾಲದಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಮನೆಗೆ ಬಂದು ಬೀಳುತ್ತವೆ. ಗ್ಯಾಸ್ ಇರುವ ಮನೆಯಲ್ಲೂ ಬಚ್ಚಲ ಒಲೆಗೆ ಕಟ್ಟಿಗೆಯೇ ಬೇಕು. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಹಗಲಿನ ಕಾವನ್ನು ಹಿಡಿದಿಡುತ್ತಿತ್ತು, ಮೇಲಿನ ಬೆಳಕಿಂಡಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ಈಗಿನ ಸ್ಲ್ಯಾಬ್ ಮನೆಗೆ ಬೆಳಕಿಂಡಿ ಇಲ್ಲ, ಚಳಿಯೆಂದು ಇದ್ದೊಂದು ಕಿಟಕಿಯನ್ನೂ ಮುಚ್ಚುತ್ತೇವೆ. ಅಜ್ಜಿಯ ಕಾಲದ ಒಲೆ ಮೊಮ್ಮಗಳ ಮನೆಗೆ ಬಂತು, ಆದರೆ ಬೆಳಕಿಂಡಿ ಬರಲಿಲ್ಲ.

ಹಾಗಾಗಿ ಒಲೆ ಉರಿಯುವಾಗ ಕೂಸನ್ನು ಅಡುಗೆಮನೆಯಲ್ಲಿ ಮಲಗಿಸಬೇಡಿ, ಸೊಂಟದ ಮೇಲೆ ಹೊತ್ತು ರೊಟ್ಟಿ ಬಡಿಯಬೇಡಿ. ಅದನ್ನು ಬೇರೆ ಕೋಣೆಯಲ್ಲಿ ಯಾರಾದರೂ ನೋಡಿಕೊಳ್ಳಲಿ. ಕಟ್ಟಿಗೆ ಚೆನ್ನಾಗಿ ಒಣಗಿರಲಿ, ಹಸಿ ಕಟ್ಟಿಗೆಯ ಹೊಗೆ ಹೆಚ್ಚು. ಬೀಡಿ, ಸಿಗರೇಟು ಸೇದುವವರು ಮನೆಯೊಳಗೆ ಸೇದಲೇಬಾರದು.

ಲೋಬಾನ ಮತ್ತು ಸಿಗಡಿ

ಕೂಸಿಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಕೆಂಡದ ಮೇಲೆ ಲೋಬಾನ ಉದುರಿಸಿ ಆ ಹೊಗೆಯ ಮೇಲೆ ಮಗುವನ್ನು ಹಿಡಿಯುವುದು ನಮ್ಮ ಭಾಗದ ಹಿಂದೂ, ಮುಸ್ಲಿಮ್ ಮನೆಗಳೆರಡರಲ್ಲೂ ಇರುವ ಪದ್ಧತಿ. ಕೂದಲು ಬೇಗ ಆರಲಿ, ಶೀತ ಆಗದಿರಲಿ, ಪರಿಮಳವೂ ಇರಲಿ ಎಂಬುದು ದಾದಿ, ನಾನಿಯರ ಕಾಳಜಿ. ಆ ಕಾಳಜಿಯನ್ನು ಉಳಿಸಿಕೊಂಡು ಹೊಗೆಯನ್ನಷ್ಟೇ ಬಿಡಬಹುದು. ಪರಿಮಳದ ಹೊಗೆಯೂ ಶ್ವಾಸಕೋಶಕ್ಕೆ ಹೊಗೆಯೇ. ಮಗುವಿನ ತಲೆಯನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಕುಲಾಯಿ ಹಾಕಿ. ಬಟ್ಟೆಗಳನ್ನು ಬಿಸಿಲಿನಲ್ಲಿ ಒಣಗಿಸಿ. ಲೋಬಾನ ಹಾಕಲೇಬೇಕೆಂದಿದ್ದರೆ ಮಗು ಇಲ್ಲದ ಕೋಣೆಯಲ್ಲಿ ಕಿಟಕಿ ತೆರೆದು ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಮಗುವನ್ನು ಒಳಗೆ ತನ್ನಿ.

ಸಿಗಡಿಯ ಅಪಾಯ ಇದಕ್ಕಿಂತ ದೊಡ್ಡದು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡ ನಿಗಿನಿಗಿ ಹೊಳೆಯುತ್ತಿದೆ, ಹೊಗೆ ಕಾಣುತ್ತಿಲ್ಲ, ಇನ್ನೇನು ಭಯ ಎಂದುಕೊಳ್ಳುವ ಹೊತ್ತಿನಲ್ಲೇ ಅದು ಕೋಣೆ ತುಂಬುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಈ ಅನಿಲ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ಮಲಗಿದವರಿಗೆ ಅದೂ ಗೊತ್ತಾಗದೆ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಮುಚ್ಚಿದ ಕೋಣೆಯಲ್ಲಿ ಸಿಗಡಿ ಇಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚುವುದರಲ್ಲೂ ಇದೇ ಅಪಾಯವಿದೆ.

ಬಾಣಂತಿ, ಕೂಸು ಇಬ್ಬರಿಗೂ ಕೆಂಡವಿಲ್ಲದೆ ಬೆಚ್ಚಗಿರಲು ದಾರಿಯಿದೆ. ಮಲಗುವ ಮೊದಲು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯಲ್ಲಿಡಿ, ಹಾಸಿಗೆ ಬೆಚ್ಚಗಾದ ಮೇಲೆ ಚೀಲ ತೆಗೆದು ಮಗುವನ್ನು ಮಲಗಿಸಿ. ಎಲ್ಲಕ್ಕಿಂತ ಒಳ್ಳೆಯದು ತಾಯಿಯ ಮೈಕಾವು. ಮಗುವಿಗೆ ಕುಲಾಯಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ಅದರ ಎದೆ ತಾಗುವಂತೆ ಮಲಗಿಸಿ, ಮೇಲೆ ಶಾಲು ಹೊದಿಸುವುದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ ವೈದ್ಯರು ಇದನ್ನು ಆರಂಭಿಸಿದರು. ತೂಕ ಕಡಿಮೆಯಿರುವ ಕೂಸುಗಳಿಗೆ ಇಂದು ಜಗತ್ತಿನಾದ್ಯಂತ ಇದನ್ನೇ ಹೇಳುತ್ತಾರೆ. ತಂದೆ, ಅಜ್ಜಿ ಕೂಡ ಸರದಿಯಲ್ಲಿ ಮಾಡಬಹುದು.

ಸ್ನಾನ, ಬಟ್ಟೆ, ನಿದ್ದೆ

ಹುಟ್ಟಿದ ಕೂಸಿಗೆ ಕನಿಷ್ಠ 24 ಗಂಟೆ ಸ್ನಾನ ಬೇಡ. ತೂಕ ಕಡಿಮೆಯಿದ್ದರೆ ವೈದ್ಯರು ಹೇಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚಳಿಗಾಲದಲ್ಲಿ ಸಣ್ಣ ಮಕ್ಕಳಿಗೆ ದಿನವೂ ನೀರು ಹಾಕಬೇಕೆಂದಿಲ್ಲ. ಹಾಕುವ ದಿನ ಬಿಸಿಲೇರಿದ ಮೇಲೆ ಹಾಕಿ, ಬೇಗ ಮುಗಿಸಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ ಮೊಣಕೈ ಅದ್ದಿ ನೋಡಿ. ಬಿಸಿನೀರಿನ ಹಂಡೆ, ಬಕೆಟ್ಟು ಇರುವ ಕಡೆ ಅಂಬೆಗಾಲಿಡುವ ಮಗುವನ್ನು ಒಂದು ಕ್ಷಣವೂ ಬಿಟ್ಟುಹೋಗಬೇಡಿ. ಸುಟ್ಟರೆ ಆ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಉಳಿದ ಮೈಯನ್ನು ಬೆಚ್ಚಗೆ ಮುಚ್ಚಿ. ಟೂತ್‌ಪೇಸ್ಟು, ಅರಿಶಿನ, ಶಾಯಿ ಹಚ್ಚಬೇಡಿ.

ಎಣ್ಣೆ ಹಚ್ಚಿ ಮೈ ತಿಕ್ಕುವುದು ಒಳ್ಳೆಯದೇ. ಆದರೆ ಮೂಗಿಗೆ, ಕಿವಿಗೆ, ಬಾಯಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ನ್ಯುಮೋನಿಯಾ ಆಗುತ್ತದೆ. ಕರ್ಪೂರ ಬೆರೆಸಿದ ಎಣ್ಣೆಯೂ ಕೂಸಿಗೆ ಬೇಡ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಬಟ್ಟೆಗೆ ಒಂದು ಸುಲಭ ಲೆಕ್ಕ: ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು. ಒಂದೇ ದಪ್ಪ ಸ್ವೆಟರ್‌ಗಿಂತ ಎರಡು, ಮೂರು ತೆಳು ಅಂಗಿ ಮೇಲು, ಮಧ್ಯಾಹ್ನ ಸೆಕೆಯಾದಂತೆ ಒಂದೊಂದೇ ತೆಗೆಯಬಹುದು. ಮಗುವಿನ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಅಪಾಯ, ಕೂಡಲೇ ಎದೆಗೊತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಮಲಗಿದಾಗ ಮುಖದ ಮೇಲೆ ಕೌದಿ ಬರದಂತೆ ನೋಡಿಕೊಳ್ಳಿ, ಮಗುವನ್ನು ಅಂಗಾತ ಮಲಗಿಸಿ.

ವುಝೂ ಮಾಡುವಾಗ ದಿನಕ್ಕೆ ಐದು ಬಾರಿ ಕೈ ತೊಳೆಯುವ ಮನೆಗಳಿವು. ಅದಕ್ಕೆ ಸಾಬೂನೂ ಸೇರಬೇಕಾದ ಹೊತ್ತುಗಳಿವೆ: ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಉಣಿಸುವ ಮೊದಲು, ಮೂಗು ಒರೆಸಿದ ಮೇಲೆ. ನೆಗಡಿ, ಕೆಮ್ಮು ಇರುವವರು ಎಷ್ಟೇ ಹತ್ತಿರದವರಾದರೂ ಕೂಸಿಗೆ ಮುತ್ತಿಡಬಾರದು. ತಾಯಿಗೇ ನೆಗಡಿಯಾದರೆ ಮೂಗು, ಬಾಯಿಗೆ ಬಟ್ಟೆ ಕಟ್ಟಿ ಹಾಲು ಕುಡಿಸಬೇಕು, ನಿಲ್ಲಿಸಬಾರದು.

ನೆಗಡಿ ಬಂದಾಗ

ಚಳಿಗಾಲದ ಹೆಚ್ಚಿನ ನೆಗಡಿಗಳು ವೈರಸ್‌ನಿಂದ ಬರುತ್ತವೆ, ವಾರದಲ್ಲಿ ತಾವಾಗಿಯೇ ಹೋಗುತ್ತವೆ. ಅವಕ್ಕೆ ಆ್ಯಂಟಿಬಯಾಟಿಕ್ ಬೇಡ. ಮೂಗು ಕಟ್ಟಿದರೆ ಔಷಧ ಅಂಗಡಿಯಲ್ಲಿ ಸಿಗುವ ಸಲೈನ್ ಹನಿ ಸಾಕು. 6 ತಿಂಗಳವರೆಗೆ ತಾಯಿಹಾಲು ಮಾತ್ರ, ಅದನ್ನೇ ಹೆಚ್ಚು ಸಲ ಕೊಡಿ. ಘುಟ್ಟಿ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ವಿಷ ತಯಾರಿಸಿ ಸ್ನಾಯುಗಳ ಶಕ್ತಿ ಕುಂದಿಸುತ್ತದೆ. 6 ತಿಂಗಳು ದಾಟಿದವರಿಗೆ ತಾಯಿಹಾಲಿನ ಜೊತೆ ತೆಳು ಖಿಚಡಿ, ಬೇಳೆಕಟ್ಟು, ಮೊಟ್ಟೆ, ನುಗ್ಗೆಸೊಪ್ಪು ಹಾಕಿದ ಸಾರು ಕೊಡಿ. ದೊಡ್ಡ ಮಕ್ಕಳಿಗೆ ಸಜ್ಜೆ ರೊಟ್ಟಿ, ಎಳ್ಳು, ಬೆಲ್ಲ, ಬೆಚ್ಚಗಿನ ಶೋರ್ಬಾ, ಅದಕ್ಕೆ ಇಂಡಿಯ ಲಿಂಬೆ ಹಿಂಡಿ ಕೊಟ್ಟರೆ ಅದೇ ಚಳಿಗಾಲದ ಒಳ್ಳೆಯ ಊಟ.

ಅಂಗಡಿಯಲ್ಲಿ ಕೇಳಿ ಕೆಮ್ಮಿನ ಸಿರಪ್ ತರಬೇಡಿ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ವಿಷವಸ್ತು ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಬಂದಾಗ ಕೇಂದ್ರ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೆ ಸೂಚನೆ ಕೊಟ್ಟಿತು: 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅದು ಬೇಕಿಲ್ಲ.

ಉಸಿರು ಎಣಿಸುವುದು

ನೆಗಡಿ ನ್ಯುಮೋನಿಯಾಕ್ಕೆ ತಿರುಗಿದೆಯೇ ಎಂದು ತಿಳಿಯಲು ತಾಯಿಯ ಕಣ್ಣು ಮತ್ತು ಮೊಬೈಲ್‌ನ ಗಡಿಯಾರ ಸಾಕು. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಥವಾ ಮಲಗಿದಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ.

2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇಗ ಗುರುತಿಸಿದರೆ ಹೆಚ್ಚಿನ ಮಕ್ಕಳು ಕಡಿಮೆ ಬೆಲೆಯ ಅಮಾಕ್ಸಿಸಿಲಿನ್ ಔಷಧದಿಂದಲೇ ಗುಣವಾಗುತ್ತಾರೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು.

ಕೆಲವು ಲಕ್ಷಣ ಕಂಡರೆ ಒಂದು ಗಂಟೆಯೂ ಕಾಯಬಾರದು. ಉಸಿರು ಎಳೆದಾಗ ಎದೆಯ ಕೆಳಭಾಗ, ಪಕ್ಕೆಯ ಹತ್ತಿರ, ಒಳಕ್ಕೆ ಸೆಳೆಯುವುದು. ಉರ್ದು ಮಾತಾಡುವ ಮನೆಗಳಲ್ಲಿ ‘ಪಸ್ಲೀ ಚಲ್ನಾ’ ಎನ್ನುವುದು ಇದಕ್ಕೇ. ಹಾಲು, ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಯಾಗುವುದು. 2 ತಿಂಗಳೊಳಗಿನ ಕೂಸಿಗೆ ವೇಗದ ಉಸಿರು, ಜ್ವರ ಅಥವಾ ಮೈ ತಣ್ಣಗಾಗುವುದು, ಇವುಗಳಲ್ಲಿ ಒಂದಿದ್ದರೂ ಸಾಕು. 108ಕ್ಕೆ ಕರೆ ಮಾಡಿ ತಾಲೂಕು ಆಸ್ಪತ್ರೆಗೋ ವಿಜಯಪುರದ ಜಿಲ್ಲಾ ಆಸ್ಪತ್ರೆಗೋ ಹೊರಡಿ. ಎದೆಗೆ, ಹೊಟ್ಟೆಗೆ ಬರೆ ಹಾಕುವುದು, ಊದುಬತ್ತಿಯಿಂದ ಚುಚ್ಚುವುದು ಉತ್ತರ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದರಿಂದ ಕಾಯಿಲೆ ಹೋಗುವುದಿಲ್ಲ, ಗಾಯ ಕೀವಾಗುತ್ತದೆ, ಆಸ್ಪತ್ರೆ ತಲುಪಬೇಕಾದ ಹೊತ್ತು ಕಳೆದುಹೋಗುತ್ತದೆ.

ಲಸಿಕೆ

ನ್ಯುಮೋನಿಯಾ ತರುವ ಮುಖ್ಯ ಬ್ಯಾಕ್ಟೀರಿಯಾಕ್ಕೆ ಪಿಸಿವಿ ಲಸಿಕೆ ಇದೆ. 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. 6 ವಾರ, 14 ವಾರ ಮತ್ತು 9 ತಿಂಗಳಿಗೆ ಮೂರು ಡೋಸ್. 6, 10, 14 ವಾರಗಳಲ್ಲಿ ಕೊಡುವ ಪೆಂಟಾವಲೆಂಟ್, 9 ತಿಂಗಳಿಗೆ ಮತ್ತು 16ರಿಂದ 24 ತಿಂಗಳೊಳಗೆ ಕೊಡುವ ದಡಾರ-ರುಬೆಲ್ಲಾ ಲಸಿಕೆಗಳೂ ಶ್ವಾಸಕೋಶವನ್ನು ಕಾಯುತ್ತವೆ. ಚುಚ್ಚಿದ ಮೇಲೆ ಒಂದೆರಡು ದಿನ ಸ್ವಲ್ಪ ಜ್ವರ ಬರಬಹುದು, ಅದಕ್ಕೆ ಹೆದರಿ ಮುಂದಿನ ಡೋಸ್ ಬಿಡಬೇಡಿ. ಕಬ್ಬು ಕಡಿಯಲು ಊರು ಬಿಟ್ಟುಹೋಗುವ ಕುಟುಂಬಗಳು ತಾಯಿ ಕಾರ್ಡ್ ಜೊತೆಗೇ ಒಯ್ಯಲಿ. ಹೋದ ಊರಿನ ಅಂಗನವಾಡಿಯಲ್ಲೂ ಮಗುವಿಗೆ ಲಸಿಕೆ ಹಾಕುತ್ತಾರೆ.

60, 50, 40 ಎಂಬ ಮೂರು ಸಂಖ್ಯೆಗಳನ್ನು ವಯಸ್ಸಿನೊಂದಿಗೆ ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ 108 ಮತ್ತು ನಿಮ್ಮೂರ ಆಶಾ ಕಾರ್ಯಕರ್ತೆಯ ನಂಬರ್ ಸೇರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಅಜ್ಜಿಯಿಂದ ದೊಡ್ಡ ಅಕ್ಕನವರೆಗೆ, ಒಮ್ಮೆ ಎಣಿಸಿ ತೋರಿಸಿ. ಮಗು ಆರೋಗ್ಯವಾಗಿರುವ ದಿನವೇ ಇದನ್ನು ಕಲಿತರೆ ಕೆಮ್ಮಿನ ರಾತ್ರಿ ಕೈ ನಡುಗುವುದಿಲ್ಲ.