‘ಆಗಾಗ್ಗೆ’ ಎಂದರೆ ಎಷ್ಟು ಸಲ?

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,454 ಮೀಟರು. ಹೆಸರಿನಲ್ಲಿ ಹಿಮವಿದ್ದರೂ ಹಿಮಾಲಯದಲ್ಲಿ ಬೀಳುವಂಥ ಹಿಮ ಇಲ್ಲಿ ಬೀಳುವುದಿಲ್ಲ. ಶಿಖರವನ್ನು ಕವಿಯುವ ಮಂಜೇ ಈ ಹೆಸರಿಗೆ ಕಾರಣ. ‘ಬೆಟ್ಟದ ಮೇಲೆ ಯಾವಾಗಲೂ ಮಂಜು’ ಎಂದು ಜನ ಹೇಳುವುದುಂಟು. ಈ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ವಿದ್ಯಾರ್ಥಿ ‘ಆಲ್ವೇಸ್’ ಎಂದು ಬರೆದರೆ ಅದು ಸರಿಯೆ? ಈ ಪ್ರಶ್ನೆಗೆ ವ್ಯಾಕರಣವೊಂದೇ ಉತ್ತರ ಹೇಳಲಾರದು. ವಿಜ್ಞಾನದ ನೆರವೂ ಬೇಕಾಗುತ್ತದೆ.

ಮೊದಲು ಮಂಜಿನ ವಿಚಾರ. ತೇವಭರಿತ ಗಾಳಿ ಬೆಟ್ಟದ ಇಳಿಜಾರಿಗೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣಿಯುತ್ತದೆ. ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತ ಹೋಗಿ, ಕೊನೆಗೆ ಅದರಲ್ಲಿನ ಆವಿಯು ಸೂಕ್ಷ್ಮ ಹನಿಗಳಾಗಿ ಸಾಂದ್ರಿಸುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಮೋಡ, ಒಳಗೆ ನಿಂತವರಿಗೆ ಮಂಜು. ಗಾಳಿಯಲ್ಲಿ ತೇವ ಸಾಲದಾದರೆ ಮಂಜೂ ಇಲ್ಲ. ಆದುದರಿಂದ ‘ಆಲ್ವೇಸ್’ ಎಂಬುದು ಇಲ್ಲಿ ಸಲ್ಲದು. ಒಂದೇ ಒಂದು ನಿರ್ಮಲವಾದ ಮುಂಜಾನೆ ಸಾಕು, ಆ ಮಾತನ್ನು ಸುಳ್ಳಾಗಿಸಲು.

ಹಾಗಾದರೆ ಯಾವ ಪದ ಸಲ್ಲುತ್ತದೆ? ಇಂಗ್ಲಿಷಿನ ಈ ಪದಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಬಹುದು. ತುದಿಯಲ್ಲಿ ‘ಆಲ್ವೇಸ್’, ಅದರ ಕೆಳಗೆ ‘ಯೂಷುಯಲಿ’ (ಸಾಮಾನ್ಯವಾಗಿ), ‘ಆಫನ್’ (ಆಗಾಗ್ಗೆ), ‘ಸಮ್‌ಟೈಮ್ಸ್’ (ಒಮ್ಮೊಮ್ಮೆ), ‘ರೇರ್ಲಿ’ (ಅಪರೂಪವಾಗಿ), ತಳದಲ್ಲಿ ‘ನೆವರ್’. ಇವು ವಾಕ್ಯದಲ್ಲಿ ಬಹುಮಟ್ಟಿಗೆ ಮುಖ್ಯ ಕ್ರಿಯಾಪದದ ಮುಂಚೆ ಬರುತ್ತವೆ: ‘ಮಿಸ್ಟ್ ಆಫನ್ ಕವರ್ಸ್ ದ ಹಿಲ್’. ಆದರೆ ‘ಈಸ್’, ‘ಆರ್’ ಮುಂತಾದವೇ ಕ್ರಿಯಾಪದಗಳಾದಾಗ ಅವುಗಳ ಅನಂತರ ಬರುತ್ತವೆ: ‘ದ ಹಿಲ್ ಈಸ್ ಆಫನ್ ಮಿಸ್ಟಿ’.

ಕನ್ನಡಿಗರು ಎಡವುವುದು ಕೊನೆಯ ಮೆಟ್ಟಿಲಿನಲ್ಲಿ. ‘ಇಲ್ಲಿ ಎಂದೂ ಹಿಮ ಬೀಳುವುದಿಲ್ಲ’ ಎನ್ನುವಾಗ ನಮ್ಮ ನಿಷೇಧವು ಕ್ರಿಯಾಪದದಲ್ಲಿದೆ. ಇಂಗ್ಲಿಷಿನಲ್ಲಿಯಾದರೋ ಅದು ‘ನೆವರ್’ ಎಂಬ ಪದದಲ್ಲಿಯೇ ಅಡಗಿದೆ. ಅದರೊಡನೆ ‘ನಾಟ್’ ಸೇರಿಸಿದರೆ ನಿಷೇಧ ಇಮ್ಮಡಿಯಾಗಿ ಅರ್ಥವೇ ಕೆಡುತ್ತದೆ.

ಮೆಟ್ಟಿಲುಗಳ ಕ್ರಮವನ್ನು ಎಲ್ಲರೂ ಒಪ್ಪುತ್ತಾರೆ. ಅವುಗಳ ಎತ್ತರವನ್ನು ಒಪ್ಪುವುದಿಲ್ಲ. ಅಮೆರಿಕದ ರೇ ಸಿಂಪ್ಸನ್ ಎಂಬವರು ಇಂಥ ಪದಗಳು ನೂರಕ್ಕೆ ಎಷ್ಟು ಸಲವನ್ನು ಸೂಚಿಸುತ್ತವೆಂದು ವಿದ್ಯಾರ್ಥಿಗಳನ್ನು ಕೇಳಿ, 1944ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 1968ರಲ್ಲಿ ಮಿಲ್ಟನ್ ಹೇಕಲ್ ಅದೇ ಬಗೆಯ ಪರೀಕ್ಷೆ ನಡೆಸಿದರು. ಒಂದೇ ಪದಕ್ಕೆ ಬೇರೆ ಬೇರೆ ಜನರು ಕೊಟ್ಟ ಸಂಖ್ಯೆಗಳಲ್ಲಿ ಬಹಳ ಅಂತರವಿತ್ತು.

ಈ ಅಂತರದಿಂದ ತೊಂದರೆಯೂ ಆಗಬಹುದು. ಔಷಧದ ಅಡ್ಡಪರಿಣಾಮಗಳನ್ನು ವರ್ಗೀಕರಿಸುವಾಗ ಯೂರೋಪಿನ ದೇಶಗಳು ಪದಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿವೆ. ‘ಕಾಮನ್’ ಎಂದರೆ 100 ಜನರಲ್ಲಿ 1ರಿಂದ 10 ಮಂದಿಗೆ. ‘ರೇರ್’ ಎಂದರೆ 10,000 ಜನರಲ್ಲಿ 1ರಿಂದ 10 ಮಂದಿಗೆ. ಆದರೆ ಬರಿಯ ಪದವನ್ನೋದಿದ ಸಾಮಾನ್ಯ ಜನರು ಅಪಾಯವನ್ನು ಇದಕ್ಕಿಂತ ಬಹುಪಾಲು ಹೆಚ್ಚಾಗಿ ಊಹಿಸುತ್ತಾರೆಂದು ಅಧ್ಯಯನಗಳು ತೋರಿಸಿವೆ. ಹಾಗೆ ಹೆದರಿದ ರೋಗಿ ಬೇಕಾದ ಔಷಧವನ್ನೇ ಬಿಟ್ಟರೆ ನಷ್ಟ ಯಾರಿಗೆ?

ಆದುದರಿಂದ ಪದವನ್ನು ಆರಿಸುವ ಮುನ್ನ ಎಣಿಸಬೇಕು. ಜುಲೈ ತಿಂಗಳ 31 ಮುಂಜಾನೆಗಳಲ್ಲಿ 28ರಂದು, ಮಾರ್ಚಿಯ 31ರಲ್ಲಿ 3ರಂದು ಬೆಟ್ಟದ ಮೇಲೆ ಮಂಜಿತ್ತೆಂದು ಭಾವಿಸೋಣ. ಜುಲೈಗೆ ‘ಯೂಷುಯಲಿ’, ಮಾರ್ಚಿಗೆ ‘ರೇರ್ಲಿ’ ಒಪ್ಪುತ್ತದೆ. ಎರಡನ್ನೂ ಕೂಡಿಸಿದರೆ 62ರಲ್ಲಿ 31, ಸರಿಯಾಗಿ ಅರ್ಧ. ಆ ಅರ್ಧವಾದರೋ ಯಾವ ತಿಂಗಳಿನ ಸತ್ಯವೂ ಅಲ್ಲ! ‘ಎಷ್ಟು ಸಲ’ ಎಂಬುದರೊಡನೆ ‘ಎಷ್ಟರಲ್ಲಿ’, ‘ಯಾವ ಕಾಲದಲ್ಲಿ’ ಎಂದೂ ಹೇಳಬೇಕು.

‘ಯಾರು ಕಂಡದ್ದು’ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಈ ಬೆಟ್ಟವು ಬಂಡೀಪುರದ ಕಾಡಿನೊಳಗಿದೆ. ಪ್ರವಾಸಿಗರಿಗೆ ಪ್ರವೇಶ ಹಗಲಿನಲ್ಲಿ ಮಾತ್ರ. ನಾಲ್ಕು ಸಲ ಹೋಗಿ ಆನೆಯನ್ನು ಕಾಣದವರು ‘ಇಲ್ಲಿಗೆ ಆನೆ ನೆವರ್ ಬರುತ್ತದೆ’ ಎಂಬರ್ಥದಲ್ಲಿ ಬರೆದರೆ, ಅವರು ಕಾಣದ ರಾತ್ರಿಗಳೆಲ್ಲವನ್ನೂ ಲೆಕ್ಕದಿಂದ ಬಿಟ್ಟಂತಾಯಿತು. ‘ನಾವು ಕಂಡಿಲ್ಲ’ ಎಂಬುದು ನಿಜ. ‘ಬರುವುದೇ ಇಲ್ಲ’ ಎಂಬುದು ಬೇರೆ ಮಾತು. ಅದನ್ನು ನಂಬಿ ಎಚ್ಚರ ತಪ್ಪಿದವನಿಗೆ ಕಾಡು ವಿನಾಯಿತಿ ತೋರದು.

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಒಂದು ತಿಂಗಳು ಪ್ರತಿದಿನ ಒಂದೇ ವೇಳೆಗೆ ಮಂಜನ್ನೋ ಮೋಡವನ್ನೋ ನೋಡಿ ಗುರುತು ಹಾಕಿಕೊಳ್ಳಲಿ. ತಿಂಗಳ ಕೊನೆಯಲ್ಲಿ ಎಣಿಸಿ, ತಕ್ಕ ಇಂಗ್ಲಿಷ್ ಪದವನ್ನು ಆರಿಸಿ, ಪಕ್ಕದಲ್ಲಿಯೇ ಸಂಖ್ಯೆಯನ್ನೂ ಬರೆಯಲಿ. ಆಗ ಓದುವವನು ಊಹಿಸಬೇಕಾದುದು ಏನೂ ಉಳಿಯುವುದಿಲ್ಲ.