ನಡುಗುವ ನೆಲ, ನಿಲ್ಲುವ ಮನೆ

1993ನೆಯ ಇಸವಿಯ ಸೆಪ್ಟೆಂಬರ್ 30ರ ಬೆಳಗಿನ ಜಾವ. ಬೀದರ, ಕಲಬುರಗಿ ಜಿಲ್ಲೆಗಳ ಗಡಿಯಾಚೆ ಅನತಿದೂರದಲ್ಲಿರುವ ಮಹಾರಾಷ್ಟ್ರದ ಕಿಲ್ಲಾರಿ ಗ್ರಾಮದ ಸುತ್ತ ಭೂಮಿಯು ಕಂಪಿಸಿತು. ಕಂಪನದ ಪರಿಮಾಣ 6.2. ಸುಮಾರು 10,000 ಮಂದಿ ಮಡಿದರು; ಅವರಲ್ಲಿ ಬಹುಮಂದಿ ಮಡಿದುದು ಸ್ವಂತ ಮನೆಯ ಗೋಡೆ, ಮಾಳಿಗೆಗಳ ಅಡಿಯಲ್ಲಿಯೇ.

ಆ ಮನೆಗಳನ್ನು ಕಟ್ಟಿದವರು ಅವಿವೇಕಿಗಳಲ್ಲ. ಕಡುಬೇಸಗೆಯ ಸೀಮೆಯಲ್ಲಿ ತಂಪನ್ನು ಬಯಸಿ ದಪ್ಪನೆಯ ಕಲ್ಲುಗೋಡೆಗಳನ್ನೆಬ್ಬಿಸಿ, ಮರದ ತೊಲೆಗಳ ಮೇಲೆ ಗೇಣುಗಟ್ಟಲೆ ಮಣ್ಣು ಹೇರಿದ್ದರು. ಬಿಸಿಲಿನಿಂದ ಕಾಪಾಡುತ್ತಿದ್ದ ಮಾಳಿಗೆಯೇ ಕಂಪನದಲ್ಲಿ ಮೃತ್ಯುವಾಯಿತು. ಒಂದು ಆಪತ್ತಿಗೆ ಮದ್ದಾದುದು ಇನ್ನೊಂದಕ್ಕೆ ವಿಷವಾಗದಂತೆ ಮನೆಯನ್ನು ಯೋಜಿಸುವುದು ಹೇಗೆ? ವಾತಾವರಣವು ವರ್ಷೇ ವರ್ಷೇ ಕಾಯುತ್ತಿರುವ ಈ ಕಾಲದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಿಡಿಸಬೇಕಾದ ಒಗಟು ಇದೇ.

ನೆಲವು ಪಕ್ಕಕ್ಕೆ ಸರಿದಾಗ, ಕಟ್ಟಡವು ಜಡತ್ವದ ದೆಸೆಯಿಂದ ಇದ್ದಲ್ಲಿಯೇ ಇರಲೆಳಸುತ್ತದೆ. ಆಗ ಉಂಟಾಗುವ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ನ್ಯೂಟನ್ನನ ಎರಡನೆಯ ನಿಯಮವನ್ನು ವಾಚಕರು ಬಲ್ಲರಷ್ಟೆ. ಮಾಳಿಗೆ ಭಾರವಾದಷ್ಟೂ ಗೋಡೆಯ ಮೇಲಿನ ನೂಕು ಹೆಚ್ಚು. ಕಿಲ್ಲಾರಿಯ ಗೋಡೆಗಳಲ್ಲಾದರೋ ಒಳಮೈ ಹೊರಮೈಗಳನ್ನು ಬಂಧಿಸುವ ಉದ್ದಗಲ್ಲುಗಳೇ ಸಾಮಾನ್ಯವಾಗಿ ಇರಲಿಲ್ಲ. ಮೈಗಳೆರಡೂ ಬೇರ್ಪಟ್ಟು ಕುಸಿದವು.

2001ರ ಜನವರಿ 26ರಂದು ಗುಜರಾತಿನ ಕಚ್ಛದಲ್ಲಿ 7.7 ಪರಿಮಾಣದ ಭೂಕಂಪವಾಯಿತು. ಅಲ್ಲಿ ಹೊರಹೊಮ್ಮಿದ ಶಕ್ತಿಯು ಕಿಲ್ಲಾರಿಯದರ ಸುಮಾರು 180 ಪಟ್ಟು. 200 ಕಿಲೋಮೀಟರಿಗೂ ಆಚೆಯಿದ್ದ ಅಹಮದಾಬಾದಿನಲ್ಲಿ ಬಹುಮಹಡಿಯ ಕಟ್ಟಡಗಳು ಉರುಳಿದವು. ಆದರೆ ಕಚ್ಛದ ಹಳ್ಳಿಗಳಲ್ಲಿ ಸುಸ್ಥಿತಿಯಲ್ಲಿದ್ದ ‘ಭೂಂಗಾ’ ಎಂಬ ಮಣ್ಣಿನ ದುಂಡುಮನೆಗಳು ಬಹುಮಟ್ಟಿಗೆ ನಿಂತೇ ಇದ್ದವು!

ಇದರ ಗುಟ್ಟನ್ನು ಅರಿಯಲು ಒಂದು ಹಾಳೆಯನ್ನು ಮೇಜಿನ ಮೇಲೆ ಅಂಚೂರಿ ನಿಲ್ಲಿಸಿರಿ. ಅದು ಒಡನೆಯೇ ಬೀಳುತ್ತದೆ. ಅದನ್ನೇ ಕೊಳವೆಯಂತೆ ಸುತ್ತಿ ಅಂಟಿಸಿ ನಿಲ್ಲಿಸಿದರೆ ಪುಸ್ತಕವನ್ನೂ ಹೊರುತ್ತದೆ. ಭೂಂಗಾದ ಗೋಡೆಯೂ ಇಂತಹ ಕೊಳವೆಯೇ. ಕಳಚಿಕೊಳ್ಳಲು ಅದಕ್ಕೆ ಮೂಲೆಗಳಿಲ್ಲ. ಒಳವ್ಯಾಸ 3ರಿಂದ 6 ಮೀಟರು. ಒಂದು ಬಾಗಿಲು, ಒಂದೆರಡು ಸಣ್ಣ ಕಿಟಕಿ. ಮೇಲಿನ ಶಂಕುವಿನಾಕಾರದ ಹುಲ್ಲುಮಾಡು ಹಗುರ. ದುಂಡಾದುದರಿಂದ ಬಿರುಗಾಳಿಯೂ ಸುಲಭವಾಗಿ ಬಳಸಿ ಸಾಗುತ್ತದೆ; ಮಣ್ಣಿನ ದಪ್ಪ ಗೋಡೆ ಮರುಭೂಮಿಯ ಬಿಸಿಲನ್ನು ತಡೆಯುತ್ತದೆ. ತಂಪಿನ ಹೊಣೆಯನ್ನು ಗೋಡೆ ಹೊತ್ತಿತು. ಮಾಡು ಹಗುರವಾಗಿಯೇ ಉಳಿಯಿತು.

ಹಾಗೆಂದು ಊರೂರಲ್ಲಿಯೂ ದುಂಡುಮನೆಗಳನ್ನು ಕಟ್ಟಲಾದೀತೆ? ವಿದ್ಯಾರ್ಥಿಯು ಕಲಿಯಬೇಕಾದುದು ಆಕಾರವನ್ನಲ್ಲ, ತತ್ತ್ವವನ್ನು. ಚೌಕದ ಮನೆಗೂ ತಳಪಾಯದ ಮೇಲೆ, ಬಾಗಿಲ ನೆತ್ತಿಯ ಮಟ್ಟದಲ್ಲಿ, ಮಾಡಿನ ಕೆಳಗೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಿದರೆ ನಾಲ್ಕು ಗೋಡೆಗಳೂ ಒಂದೇ ಪೆಟ್ಟಿಗೆಯಂತೆ ವರ್ತಿಸುತ್ತವೆ. ಭಾರತೀಯ ಮಾನಕಗಳು ವಿಧಿಸುವುದೂ ಇದನ್ನೇ. ಪೀಪಾಯಿಯ ಹಲಗೆಗಳನ್ನು ಕಬ್ಬಿಣದ ಬಳೆ ಹಿಡಿದಿಡುವಂತೆಯೇ ಇದು.

ಭೂಕಂಪದ ಮುಹೂರ್ತವನ್ನು ಮುಂದಾಗಿ ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಆದರೆ ಅದು ಬಂದಾಗ ಮನೆಯೊಳಗೆ ಮಲಗಿರುವವರು ಬದುಕುವರೇ ಎಂಬುದು ಬಹುಪಾಲು ನಿರ್ಧಾರವಾಗುವುದು ಎಷ್ಟೋ ವರ್ಷ ಮೊದಲು, ನಕ್ಷೆಯ ಹಾಳೆಯ ಮೇಲೆ. ನಾಳೆ ಆ ಹಾಳೆಯ ಮುಂದೆ ಕುಳಿತುಕೊಳ್ಳುವವರು ಇಂದಿನ ವಿದ್ಯಾರ್ಥಿಗಳೇ ಅಲ್ಲವೆ?