ಸಕ್ಕರೆ ಕಾರ್ಖಾನೆಯ ಸಂವೇದಕಗಳೂ ಕಬ್ಬಿನ ಬೆಳೆಗಾರನ ಹಿತವೂ

ಕಬ್ಬನ್ನು ಕಡಿದು ಗಾಡಿಗೆ ತುಂಬಿದ ಕೂಡಲೇ ಬೆಳೆಗಾರನ ಕೆಲಸವು ಮುಗಿಯಿತೆಂದೂ, ಮುಂದಿನದೆಲ್ಲವೂ ಕಾರ್ಖಾನೆಗೆ ಸೇರಿದ ವಿಷಯವೆಂದೂ ಭಾವಿಸುವುದು ಸಾಮಾನ್ಯವಾಗಿದೆ. ಆದರೆ ವರ್ಷವೆಲ್ಲ ನೀರು ಗೊಬ್ಬರಗಳನ್ನು ಕೊಟ್ಟು ಕೂಡಿಸಿದ ಸಕ್ಕರೆಯು ಬಹು ಬೇಗನೆ ನಷ್ಟವಾಗುವುದು ಕಡಿದ ಮೇಲಿನ ಒಂದೆರಡು ದಿನಗಳಲ್ಲಿಯೇ. ಕಡಿದ ಕಬ್ಬು ನಿರ್ಜೀವ ವಸ್ತುವಲ್ಲ. ಅದು ಉಸಿರಾಡುತ್ತಲೇ ಇರುವುದು. ಅದರ ನೀರು ಆವಿಯಾಗಿ ತೂಕವು ಇಳಿಯುವುದು. ಅದರಲ್ಲಿಯೇ ಇರುವ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುವುದು. ಇವೆರಡೂ ಸಿಹಿಯಾಗಿದ್ದರೂ ಹರಳುಗಟ್ಟದೆ ಕಾಕಂಬಿಯ ಪಾಲಾಗುವುವು. ಇದಲ್ಲದೆ ಕಡಿದ ತುದಿಗಳ ಮೂಲಕ ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿಯು ಒಳಹೊಕ್ಕು, ಡೆಕ್ಸ್‌ಟ್ರಾನ್ ಎಂಬ ಅಂಟುಪದಾರ್ಥವನ್ನುಂಟುಮಾಡಿ ರಸವನ್ನು ಲೋಳೆಯಾಗಿಸುವುದು. ಯಂತ್ರದಿಂದ ತುಂಡುತುಂಡಾಗಿ ಕಟಾವಾದ ಕಬ್ಬಿನಲ್ಲಿ ಇಂತಹ ತುದಿಗಳು ಹೆಚ್ಚಾಗಿರುವುದರಿಂದ ಅದು ಇನ್ನೂ ಬೇಗ ಕೆಡುವುದು. ಬೆಂಕಿ ಬಿದ್ದ ತೋಟದ ಕಬ್ಬಿನ ಸ್ಥಿತಿಯೂ ಹೀಗೆಯೇ. ಆದಕಾರಣವೇ ಕಬ್ಬನ್ನು ಕಡಿದ 24 ಗಂಟೆಗಳೊಳಗಾಗಿ ನುರಿಸತಕ್ಕದ್ದೆಂಬ ಮಾತು ಬಂದಿರುವುದು.

ಈ ನಷ್ಟವು ಯಾರ ಪಾಲಿಗೆ ಬರುವುದೆಂಬುದನ್ನು ಸ್ವಲ್ಪ ವಿಚಾರಮಾಡಬೇಕು. ಗಾಡಿಯು ತೂಕವಾಗುವುದಕ್ಕೆ ಮೊದಲು ಕಾರ್ಖಾನೆಯ ಅಂಗಳದಲ್ಲಿ ಕಾದುನಿಂತರೆ, ಒಣಗಿಹೋದ ತೂಕವು ನೇರವಾಗಿ ಬೆಳೆಗಾರನ ನಷ್ಟ. 2025-26ನೆಯ ಹಂಗಾಮಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆಯು, ಶೇಕಡ 10.25 ಸಕ್ಕರೆ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಹತ್ತು ಟನ್ ಕಬ್ಬಿನಲ್ಲಿ ನೂರಕ್ಕೆ ಮೂರು ಪಾಲು ಒಣಗಿತೆಂದು ಇಟ್ಟುಕೊಂಡರೆ, ಈ ಲೆಕ್ಕದಂತೆ 1,065 ರೂಪಾಯಿಗಳು ಬಿಸಿಲಿಗೆ ಹೋದಂತಾಯಿತು. ತೂಕವಾದ ಮೇಲೆ ಕಬ್ಬು ಬಿದ್ದಿದ್ದರೆ ನಷ್ಟವು ಮೊದಲು ಕಾರ್ಖಾನೆಗೆ. ಆದರೆ ಅದೂ ಅಲ್ಲಿಗೇ ನಿಲ್ಲುವುದಿಲ್ಲ. ಶೇಕಡ 10.25ಕ್ಕೆ ಮೇಲ್ಪಟ್ಟ ಪ್ರತಿ 0.1 ಇಳುವರಿಗೆ ಅದೇ ಹಂಗಾಮಿನಲ್ಲಿ ಕ್ವಿಂಟಾಲಿಗೆ 3 ರೂಪಾಯಿ 46 ಪೈಸೆ ಹೆಚ್ಚು ಬೆಲೆಯು ಗೊತ್ತಾಗಿದೆ. ಈ ಇಳುವರಿಯು ಒಬ್ಬೊಬ್ಬನ ಕಬ್ಬಿನದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಒಬ್ಬನ ಕಬ್ಬು ಅಂಗಳದಲ್ಲಿ ಹಳಸಿದರೆ, ಹೊಸದಾಗಿ ಕಡಿದು ತಂದ ಇನ್ನೊಬ್ಬನ ಬೆಲೆಯೂ ಅದರೊಡನೆ ತಗ್ಗುವುದು.

ಗಾಡಿಗಳು ಸಾಲುಗಟ್ಟಿ ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಅರೆಯುವ ಯಂತ್ರಗಳು ಅಕಸ್ಮಾತ್ತಾಗಿ ನಿಲ್ಲುವುದು. ಸಕ್ಕರೆ ಕಾರ್ಖಾನೆಯಲ್ಲಿ ರೋಲರುಗಳ ಗಿರಣಿಗಳು ಒಂದರ ಹಿಂದೊಂದಾಗಿ ಜೋಡಿಸಲ್ಪಟ್ಟಿದ್ದು, ಮೊದಲನೆಯದರಿಂದ ಹೊರಬಿದ್ದ ಸಿಪ್ಪೆಯು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸಾಗುತ್ತ ಹೋಗುವುದು. ಆದ್ದರಿಂದ ಒಂದು ಗಿರಣಿಯ ಬೇರಿಂಗ್ ಕಾದು ಹಿಡಿದುಕೊಂಡರೆ ಸಾಲೆಲ್ಲವೂ ನಿಲ್ಲಬೇಕಾಗುವುದು. ಹಂಗಾಮಿನಲ್ಲಿ ಹಗಲಿರುಳೂ ನಡೆಯತಕ್ಕ ಯಂತ್ರಗಳಿಗೆ ಬಿಡುವಿಲ್ಲ. ಹಿಂದೆ ಅನುಭವಸ್ಥನಾದ ಫಿಟ್ಟರನು ಬೇರಿಂಗಿನ ಮೇಲೆ ಅಂಗೈಯಿಟ್ಟು ಕಾವನ್ನೂ, ಸಪ್ಪಳವನ್ನು ಕೇಳಿ ಹಲ್ಲುಚಕ್ರದ ಸವೆತವನ್ನೂ ತಿಳಿಯುತ್ತಿದ್ದನು. ಆ ಅಂಗೈಗೆ ಬೆಲೆ ಕಟ್ಟಲಾಗದು. ಆದರೆ ಅದು ಏಕಕಾಲದಲ್ಲಿ ಒಂದೇ ಕಡೆ ಇರಬಲ್ಲುದು.

ಸಂವೇದಕವೆಂದರೆ ಕಾವು, ಅದುರು, ಒತ್ತಡ, ತೂಕ ಮುಂತಾದವುಗಳನ್ನು ವಿದ್ಯುತ್ತಿನ ಸಂಕೇತವಾಗಿ ಮಾರ್ಪಡಿಸತಕ್ಕ ಸಣ್ಣ ಉಪಕರಣ. ಕಾವನ್ನಳೆಯಲು ಪ್ಲಾಟಿನಮ್ ತಂತಿಯ ಸಂವೇದಕವು ಹೆಚ್ಚಾಗಿ ಬಳಕೆಯಲ್ಲಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ವಿದ್ಯುತ್ ನಿರೋಧವು 100 ಓಮ್ ಇದ್ದು, ಕಾವು ಒಂದು ಡಿಗ್ರಿ ಏರಿದಂತೆ ಸುಮಾರು 0.385 ಓಮ್‌ನಂತೆ ಹೆಚ್ಚುವುದು. ಇದನ್ನು ಅಳೆದು ಬೇರಿಂಗಿನ ಕಾವನ್ನು ತಿಳಿಯುವರು. ಅದುರನ್ನು ಅಳೆಯತಕ್ಕ ಇನ್ನೊಂದು ಬಗೆಯ ಸಂವೇದಕವನ್ನು ಗೇರುಪೆಟ್ಟಿಗೆಯ ಮೇಲೆ ಕೂರಿಸಿ, ಯಂತ್ರವು ಸರಿಯಾಗಿದ್ದಾಗಿನ ಅದುರನ್ನು ಮೊದಲು ಬರೆದಿಟ್ಟುಕೊಂಡು, ಅದರಿಂದ ಎಷ್ಟು ದೂರ ಸರಿಯಿತೆಂಬುದನ್ನು ಗಮನಿಸುವರು. ಇವುಗಳನ್ನು ತಂತಿಯಿಂದಲೋ ರೇಡಿಯೋ ಅಲೆಗಳಿಂದಲೋ ಒಂದೇ ಕಂಪ್ಯೂಟರಿಗೆ ಸೇರಿಸಿದರೆ, ಹತ್ತಾರು ಬೇರಿಂಗುಗಳ ಸ್ಥಿತಿಯು ಒಬ್ಬನ ಕಣ್ಣಮುಂದೆ ಇರುವುದು. ಕೆಡುವ ಬೇರಿಂಗು ಎಷ್ಟೋ ವೇಳೆ ಪೂರ್ತಿಯಾಗಿ ಕೆಡುವುದಕ್ಕೆ ಬಹಳ ಮೊದಲೇ ಸೂಚನೆ ಕೊಡುವುದರಿಂದ, ಅಕಸ್ಮಾತ್ತಾದ ನಿಲುಗಡೆಯನ್ನು ಗೊತ್ತುಮಾಡಿದ ನಿಲುಗಡೆಯನ್ನಾಗಿ ಮಾರ್ಪಡಿಸುವುದು ಸಾಧ್ಯವಾಗುವುದು.

ಇದು ಯಂತ್ರದ ಮಾತಾಯಿತು. ಕಚ್ಚಾಮಾಲಿನ ಜಾಡು ಹಿಡಿಯುವುದಕ್ಕೆ ಬೇರೊಂದು ಸಾಧನವಿದೆ. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ 2021ನೆಯ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯನ್ನು ಎಲ್ಲರೂ ಬಲ್ಲರು. ಅದರಲ್ಲಿ ಬ್ಯಾಟರಿಯಿರುವುದಿಲ್ಲ, ಓದುವ ಯಂತ್ರವು ಕಳುಹಿಸಿದ ರೇಡಿಯೋ ಅಲೆಯಿಂದಲೇ ಶಕ್ತಿಯನ್ನು ಪಡೆದು, ತನ್ನ ಸಂಖ್ಯೆಯನ್ನು ಅದೇ ಅಲೆಯಲ್ಲಿ ಹಿಂದಿರುಗಿಸುವುದು. ಪ್ರತಿಫಲಿಸಿದ ಅಲೆಯಿಂದ ಸಮಾಚಾರವನ್ನು ಕಳುಹಿಸಬಹುದೆಂಬುದನ್ನು ಹ್ಯಾರಿ ಸ್ಟಾಕ್‌ಮನ್ ಎಂಬವರು 1948ರಲ್ಲಿಯೇ ಲೇಖನವೊಂದರಲ್ಲಿ ವಿವರಿಸಿದ್ದರು. ಇದೇ ಬಗೆಯ ಚೀಟಿಯನ್ನು ಕಬ್ಬಿನ ವಾಹನಕ್ಕೆ ಅಂಟಿಸಿ, ಕಾರ್ಖಾನೆಯ ಬಾಗಿಲು, ವೇಬ್ರಿಡ್ಜ್, ಕಬ್ಬು ಇಳಿಸುವ ಸ್ಥಳ ಇವುಗಳಲ್ಲಿ ಓದುವ ಯಂತ್ರವನ್ನಿಟ್ಟರೆ, ಯಾವ ವಾಹನವು ಯಾವ ಗಳಿಗೆಗೆ ಬಂದಿತು, ಎಷ್ಟು ಹೊತ್ತು ಕಾಯಿತು, ಯಾರನ್ನು ಹಿಂದೆ ಹಾಕಿ ಯಾರು ಮುಂದೆ ಹೋದರು ಎಂಬುದೆಲ್ಲವೂ ಲೆಕ್ಕದಲ್ಲಿ ಉಳಿಯುವುದು. ಕೊನೆಯದು ಕೆಲವರಿಗೆ ಇಷ್ಟವಾಗದಿರಬಹುದು.

ನೀರು ಈ ಅಲೆಗಳನ್ನು ಹೀರುವುದು, ಲೋಹವು ತಡೆಯುವುದು. ಹಸಿ ಕಬ್ಬಿನಲ್ಲಿ ಬಹುಭಾಗವು ನೀರೇ ಆಗಿರುವುದರಿಂದ ಚೀಟಿಯನ್ನು ಹೊರೆಯ ನಡುವೆ ಸಿಕ್ಕಿಸುವುದಾಗಲಿ, ಸಾಧಾರಣ ಚೀಟಿಯನ್ನು ಕಬ್ಬಿಣದ ಹಲಗೆಗೆ ಅಂಟಿಸುವುದಾಗಲಿ ಪ್ರಯೋಜನವಿಲ್ಲ. ಲೋಹದ ಮೇಲೆ ಕೂರಿಸಲು ಬೇರೆಯಾಗಿಯೇ ತಯಾರಾದ ಚೀಟಿಗಳಿವೆ. ಒಂದು ಟ್ರ್ಯಾಕ್ಟರು ಎರಡು ಟ್ರೈಲರುಗಳನ್ನು ಎಳೆಯುವ ಕಡೆ ಚೀಟಿಯು ಟ್ರ್ಯಾಕ್ಟರಿಗೆ ಮಾತ್ರವಿದ್ದರೆ ಸಾಲದು. ಟ್ರೈಲರುಗಳು ಅದಲುಬದಲಾದರೆ ಬರಿಗಾಡಿಯ ತೂಕದಲ್ಲಿ ತಪ್ಪುಂಟಾಗುವುದು. ಆದ್ದರಿಂದ ಟ್ರೈಲರು ಒಂದೊಂದಕ್ಕೂ ಪ್ರತ್ಯೇಕ ಚೀಟಿಯಿರತಕ್ಕದ್ದು.

ಮೇಲೆ ಹೇಳಿದ ಎರಡು ಏರ್ಪಾಡುಗಳೂ ಒಂದಕ್ಕೊಂದು ಸೇರದೆ ಬೇರೆಬೇರೆಯಾಗಿದ್ದರೆ ಬೆಳೆಗಾರನಿಗೆ ಆಗತಕ್ಕ ಲಾಭವು ಅಲ್ಪ. ಯಂತ್ರದ ಸುದ್ದಿಯು ಎಂಜಿನಿಯರನ ಕೋಣೆಯಲ್ಲಿಯೇ ಉಳಿದು, ಕಟಾವಿನ ಪರವಾನಗಿಗಳು ಕಬ್ಬು ವಿಭಾಗದಿಂದ ಎಂದಿನಂತೆ ಹೊರಡುತ್ತಿದ್ದರೆ, ನಾಳೆ ನಿಲ್ಲುವ ಗಿರಣಿಗೆ ಇಂದು ಕಬ್ಬು ಕಡಿಯಲ್ಪಡುವುದು. ಗಿರಣಿಯನ್ನು ನಿಲ್ಲಿಸಬೇಕೆಂಬುದು ತಿಳಿದ ಗಳಿಗೆಯಲ್ಲಿಯೇ ಅಂಗಳದಲ್ಲಿರುವ ಗಾಡಿಗಳೆಷ್ಟು, ದಾರಿಯಲ್ಲಿರುವುವೆಷ್ಟು ಎಂಬುದನ್ನು ನೋಡಿ, ಆ ದಿನದ ಪರವಾನಗಿಗಳನ್ನು ತಡೆಹಿಡಿಯತಕ್ಕದ್ದು. ನಿಂತ ಪೈರಿನಲ್ಲಿರುವ ಸಕ್ಕರೆಯು ಒಂದು ದಿನ ತಡವಾದರೆ ಹೆಚ್ಚೇನೂ ಕೆಡದು. ಮಚ್ಚು ಬಿದ್ದ ಮೇಲೆ ಅದನ್ನು ಕಾಯುವವರಾರೂ ಇಲ್ಲ. ಕಾರ್ಖಾನೆಗಳು ಈ ಸಾಧನಗಳಿಗೆ ಹಣ ಹಾಕುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಇದೇ: ಬೇರಿಂಗಿನ ಸುದ್ದಿಯು ಹೊಲಕ್ಕೆ ಎಷ್ಟು ಹೊತ್ತಿನಲ್ಲಿ ಮುಟ್ಟುವುದು?

ಇನ್ನು, ಚೀಟಿಯು ಗುರುತಿಸುವುದು ವಾಹನವನ್ನೇ ಹೊರತು ಕಬ್ಬನ್ನಲ್ಲ. ಯಾವ ಹೊಲದ್ದು, ಯಾವಾಗ ಕಡಿದದ್ದು ಎಂಬುದನ್ನು ಕಟಾವಿನ ಸ್ಥಳದಲ್ಲಿ ಮನುಷ್ಯನೇ ದಾಖಲು ಮಾಡಬೇಕು. ಅಲ್ಲಿ ತಪ್ಪಾದರೆ ಮುಂದಿನ ಯಂತ್ರಗಳೆಲ್ಲವೂ ಆ ತಪ್ಪನ್ನೇ ಬಹು ನಿಷ್ಠೆಯಿಂದ ಹೊತ್ತುಕೊಂಡುಹೋಗುವುವು. ಬಾಗಿಲಿಗೆ ಬಂದ ವೇಳೆಯಿಂದಲ್ಲದೆ ಕಡಿದ ವೇಳೆಯಿಂದಲೇ ಲೆಕ್ಕವು ಆರಂಭವಾಗಬೇಕೆಂದು ಬೆಳೆಗಾರರ ಸಂಘಗಳು ಕೇಳುವುದು ನ್ಯಾಯವಾಗಿದೆ.

ವೇಬ್ರಿಡ್ಜಿನಲ್ಲಿರುವುದೂ ಸಂವೇದಕವೇ. ಹಲಗೆಯ ಕೆಳಗಿನ ಲೋಹದ ಕಂಬಗಳು ಭಾರಕ್ಕೆ ಕೂದಲೆಳೆಯಷ್ಟು ಕುಗ್ಗುವುದನ್ನು, ಅವುಗಳಿಗೆ ಅಂಟಿಸಿದ ತಂತಿಯ ಪಟ್ಟಿಗಳು ಅಳೆಯುವುವು. ಹಲಗೆಯ ಕೆಳಗೆ ಮಣ್ಣು, ಕಲ್ಲು, ಸೋಗೆ ಸಿಕ್ಕಿಕೊಂಡರೆ ಅಳತೆಯು ಕೆಡುವುದು. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ಇಂತಹ ಯಂತ್ರಗಳು ಪರೀಕ್ಷೆಯಾಗಿ ಮುದ್ರೆ ಪಡೆದಿರತಕ್ಕದ್ದು. ತನ್ನ ವಾಹನವು ಹತ್ತುವ ಮುನ್ನ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದೂ, ತುಂಬಿದ ಗಾಡಿಯ ಮತ್ತು ಬರಿಗಾಡಿಯ ತೂಕಗಳೆರಡನ್ನೂ ವೇಳೆಯೊಡನೆ ಮುದ್ರಿಸಿದ ರಸೀದಿಯನ್ನು ಕೇಳಿ ಪಡೆಯುವುದೂ ಬೆಳೆಗಾರನ ಕೆಲಸ. ಕಬ್ಬನ್ನು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಕೊಡಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದೆ. ಆ ದಿನಗಳನ್ನು ಎಣಿಸುವಾಗ ಈ ರಸೀದಿಯ ಮೇಲಿನ ತಾರೀಖೇ ಆಧಾರವಾಗುವುದರಿಂದ, ಹಣವು ಪೂರ್ತಿಯಾಗಿ ಕೈಸೇರುವವರೆಗೆ ಅದನ್ನು ಜೋಪಾನವಾಗಿಟ್ಟಿರತಕ್ಕದ್ದು.